ಒಂಬತ್ತನೇಕಿ

ಯಾದಗಿರಿ, ಸ್ಟೇಷನ್ ರೋಡು. ಸೀಟಿ ಊದಿದರು,
ನನ್ನ ಸ್ಕೂಟಿ ನಿಂತಿತು.
ತಲಿ ಮ್ಯಾಲ ಹೆಲ್ಮೆಟ್ ಇಲ್ಲ, ಸೆರಗು ಅದ.
ಸಾಹೇಬರು ಜೀಪಿನಾಗ ಕುಂತಾರ,
ದಂಡದ ಮಷಿನ್ ಹಿಡ್ಕೊಂಡು ಬಂದಾಕಿ ಬ್ಯಾರೆ.
ಎದಿ ಮ್ಯಾಲಿನ ಪಟ್ಟಿ ಓದಿದೆ: ಮಹಾನಂದಾ ಬಿ.

ಆ ಹೆಸರಿನಾಗ ನಾ ಎರಡು ವರ್ಷ ಓಡೀನಿ.

ಸಾಲಿ ಬಿಟ್ಟು ವರ್ಷ ಆಗಿತ್ತು ನಂದು.
ಆಡು ಹಗ್ಗ ಹರಕೊಂಡು ತೊಗರಿ ಹೊಲ ಹೊಕ್ಕಿತ್ತು,
ಸಾಲು ಬದಲಿಸಿ ಬದಲಿಸಿ
ಅದರ ಮುಂದ ಹೋಗಿ ನಿಂತೆ.
ಬದುವಿನ ಮ್ಯಾಲ ರಾಚಯ್ಯ ಸರ್, ಸೈಕಲ್ ಹಿಡ್ಕೊಂಡು.
ಯಾರ ಮಗಳು ಅಂತ ಕೇಳಲಿಲ್ಲ.
"ನಾಳಿ ಮೈದಾನಕ್ಕ ಬರ್ತೀ ಏನು?"

ಖೋ-ಖೋಗೆ ಒಂಬತ್ತು ಮಂದಿ ಬೇಕು, ಎಂಟೇ ಇದ್ದರು.
ಹಾಜರಿಯಾಗ ಒಂಬತ್ತನೇಕಿ ಮಹಾನಂದಾ,
ಕಿರಾಣಿ ಬಸ್ಸಣ್ಣನ ಮಗಳು.
ಹುಡುಗಿ ಚಡ್ಡಿ ಹಾಕ್ಕೊಂಡು ಓಡೂದು ಬ್ಯಾಡ ಅಂದಿದ್ದ ಬಸ್ಸಣ್ಣ.
ಹೆಸರು ಓಡಿದರ ಅಡ್ಡಿ ಇಲ್ಲ ಅಂದ.
ಫಾರಂ ಮ್ಯಾಲಿನ ಫೋಟೋ ಸರ್ ಉಗುರಿಲೆ ಎಬ್ಬಿಸಿದರು,
ಗಂಜಿ ಹಚ್ಚಿ ನಂದು ಅಂಟಿಸಿದರು.
ಅರ್ಧ ಶಿಕ್ಕಾ ಆಕಿ ಮುಖದ ಜೋಡಿ ಹೋಗಿತ್ತು,
ಅದನ್ನ ನೀಲಿ ಪೆನ್ನಿಲೆ ತಿದ್ದಿ ತುಂಬಿದರು.
ಚಿತ್ರಕ್ಕ ಚೊಲೋ ಕೈ ಅವರದು.

"ಕರದರ ಓ ಅನ್ನು." ಅಷ್ಟೇ ಪಾಠ.
ಒಂದು ವಾರ ನಮ್ಮವ್ವ ಮೊಗಲಮ್ಮ ಅಂತ ಒದರಿದರೂ
ನಾ ಹೊಳ್ಳಿ ನೋಡಲಿಲ್ಲ.

ಎದುರಿಗಿ ಗುರುಮಠಕಲ್ಲಿನವರು.
ಅವರ ಕ್ಯಾಪ್ಟನ್ ಸುಡು ಬಿಸಿಲಿನಾಗೂ
ಕಾಲರಿನ ಗುಂಡಿ ಹಾಕಿದ್ದಳು,
ಕೊರಳಾಗ ಅರಿಷಿಣ ದಾರ ತಗದ ಗೆರಿ.
ನಮ್ಮ ಸರ್ ನೋಡಿದರು. ಅವರ ಸರ್ ನನ್ನ ಫೋಟೋ ನೋಡಿದರು.
ಇಬ್ಬರೂ ಒಂದು ಕಪ್ಪಿನ ಚಹಾ ಬಸಿಗಿ ಸುರುವಿ ಹಂಚ್ಕೊಂಡರು.
ಬುಕ್ಕಿನಾಗ ಇಲ್ಲದ ರೂಲು ಅದು,
ಎಲ್ಲರೂ ಪಾಲಿಸೂದು.

ಬುಕ್ಕಿನಾಗಿನ ರೂಲಿಗಿ ಸಿಕ್ಕಾಕಿ ಒಬ್ಬಾಕೇ,
ಅವರ ಕಡಿ ಸಾಬಮ್ಮ.
ಖರೇ ಹೆಸರು, ಖರೇ ವಯಸ್ಸು, ಬರಿಗಾಲು.
ಬಿಳಿ ಬೂಟಿಲ್ಲ ಅಂತ ಗೆರಿ ಹೊರಗ ನಿಲ್ಲಿಸಿದರು.
ರೆಫ್ರಿ ಟೋಪಿ ಸರಿ ಮಾಡ್ಕೊಂಡ:
"ರೂಲು ಅಂದರ ರೂಲು."

ನಾ ಗೆರಿ ತುಳಿಲಿಲ್ಲ.
ಭುಜ ಒಂದು ಕಡಿ ತಿರುವಿದ ಮ್ಯಾಲ
ಕಂಬ ಮುಟ್ಟೂತನ ಹೊಳ್ಳಲಿಲ್ಲ.
ಬೆನ್ನು ಮುಟ್ಟಿಯೇ ಖೋ ಅಂದೆ,
ಒಮ್ಮಿನೂ ಬರೀ ಗಾಳಿಗಿ ಅನಲಿಲ್ಲ.
ನನ್ನಷ್ಟು ನೇಮದಿಂದ ಆಡಿದಾಕಿ
ಆ ಮೈದಾನದಾಗ ಯಾರೂ ಇರಲಿಲ್ಲ,
ಹೆಸರೊಂದು ಬಿಟ್ಟು.

ಎರಡನೇ ವರ್ಷ ರಾಜ್ಯ ಮಟ್ಟ.
ಕಪ್ಪು ಸಾಲಿ ಕಪಾಟಿನಾಗ ಅದ.
ಸರ್ಟಿಫಿಕೇಟು ಬಸ್ಸಣ್ಣನ ಟ್ರಂಕಿಗಿ ಹೋತು,
ಕ್ರೀಡಾ ಕೋಟಾ ಅಂತ ಪೇಪರಿನಾಗ ಬಂದ ದಿನ ಹೊರಗ ಬಂತು.
ನನಗ ಬಿಳಿ ಬೂಟು ಉಳದವು.
ಮರುವರ್ಷ ಕಾಲು ಬೆಳದವು.

ಆಟದಾಗೂ ಹಂಗೇ ಅಲ್ಲೇನು?
ಖೋ ಕೊಟ್ಟಾಕಿ ಕೂಡಬೇಕು,
ತಗೊಂಡಾಕಿ ಎದ್ದು ಓಡಬೇಕು.
ನಾ ಬ್ಯಾಳಿ ಮಿಲ್ಲಿನಾಗ ಕುಂತೀನಿ,
ಚೀಲದ ಬಾಯಿ ಹೊಲೀತೀನಿ.
ಸಿಟ್ಟು ಇಲ್ಲ.
ಇಲ್ಲ ಅಂತ ದಿನಾ ಒಮ್ಮಿ ಅಂದ್ಕೋತೀನಿ.

"ಹೆಸರು?" ಅಂದಳು, ಮಷಿನ್ ನೋಡ್ಕೋತ.
ಬಾಯಿ ಹಳೇ ಚಾಳಿಲೆ ತಗೀತು,
"ಮಹಾ..." ಅಂದೆ.

ಆಕಿ ಬೆರಳು ನಿಂತವು.
ಮುಖ ನೋಡಲಿಲ್ಲ ಆಕಿ, ಕಾಲು ನೋಡಿದಳು,
ಬಾಳ ಹೊತ್ತು.
ಹಿಂದಿನ ಲಾರಿ ಹಾರನ್ ಹೊಡೀತು.
"ಹೋಗು," ಅಂದಳು ಸಣ್ಣಗ, "ನಾ ನೋಡಿಲ್ಲ."

ಬಸಿಯಾಗಿನ ಚಹಾದ ವಾಸನಿ ಬಂತು ನನಗ.

"ಬ್ಯಾಡ," ಅಂದೆ. "ಬರಿ.
ಮೊಗಲಮ್ಮ. ಮಕಾರಕ್ಕ ಒತ್ತು ಮರೀಬ್ಯಾಡ."

ಸೆರಗಿನ ಗಂಟು ಬಿಚ್ಚಿ ಐನೂರು ಎಣಿಸಿದೆ.
ಚೀಟಿ ಕೈಗಿ ಬಂದಾಗ
ಇನ್ನಾ ಬಿಸಿ ಇತ್ತು.